ಒಂದೇ ಹಾಸಿಗೆ, ಎರಡು ಪಾಳಿ

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ನಲವತ್ತು ವರ್ಷ ದಾಟಿತು. ಬನಹಟ್ಟಿಯಲ್ಲಿ ಗುರಪ್ಪಣ್ಣ ಎಂಬ ಮಾಲಕರ ಶೆಡ್ಡಿನಲ್ಲಿ ನಾನು ಪಾವರ್‌ಲೂಮ್ ನೇಯುತ್ತಿದ್ದೆ, ಅಂದರೆ ಕರೆಂಟಿನ ಮಗ್ಗ. ನನ್ನ ಪಾಲಿಗೆ ನಾಲ್ಕು ಮಗ್ಗ. ಬೆಳಗಿನ ಏಳರಿಂದ ಸಂಜೆ ಏಳರವರೆಗೆ ಅವುಗಳ ಮುಂದೆ ನಾನು. ಸಂಜೆ ಏಳರಿಂದ ಬೆಳಗಿನ ಏಳರವರೆಗೆ ಅವೇ ಮಗ್ಗಗಳ ಮುಂದೆ ನನ್ನ ಗಂಡ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಅವರು ಹೋಗಿ ಆರು ವರ್ಷವಾಯಿತು, ಇನ್ನು ಹೇಳಿದರೆ ಯಾರಿಗೇನು? ಸಿದ್ರಾಮಪ್ಪ.

ಆಗ ಶೆಡ್ಡಿನ ಮಾಲಕರು ಗಂಡ ಹೆಂಡತಿ ಜೋಡಿಯನ್ನೇ ಹುಡುಕುತ್ತಿದ್ದರು. ಹಗಲೊಬ್ಬ, ರಾತ್ರಿಯೊಬ್ಬ ಬೇರೆ ಬೇರೆ ಮನೆಯವರಾದರೆ, ಸೀರೆ ಕೆಟ್ಟಾಗ ಅವನು ಕೆಡಿಸಿದ, ಇವನು ಕೆಡಿಸಿದ ಎಂಬ ಜಗಳ ಮಾಲಕರ ಬಾಗಿಲಿಗೆ ಬರುತ್ತದೆ. ಜೋಡಿಯಾದರೆ ಆ ಜಗಳ ಮನೆಯಲ್ಲೇ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಜಗಳವೂ ಇರಲಿಲ್ಲ. ಜಗಳವಾಡುವುದಕ್ಕೂ ಇಬ್ಬರು ಒಂದೇ ಹೊತ್ತಿಗೆ ಎಚ್ಚರ ಇರಬೇಕಲ್ಲ.

ನಮಗಿದ್ದದ್ದು ಒಂದು ಹಾಸಿಗೆ. ನಾನು ಎದ್ದು ಹೋದ ಮೇಲೆ ಅವರು ಅದರ ಮೇಲೆ ಬಂದು ಬೀಳುತ್ತಿದ್ದರು, ಅವರು ಎದ್ದು ಹೋದ ಮೇಲೆ ನಾನು. ಚಳಿಗಾಲದಲ್ಲಿ ಕೌದಿ ಇನ್ನೂ ಬೆಚ್ಚಗಿರುತ್ತಿತ್ತು. ಎಣ್ಣೆಯ ವಾಸನೆ, ನೂಲಿನ ವಾಸನೆ, ಅವರ ಬೆವರಿನ ವಾಸನೆ. ಮನುಷ್ಯ ಮಾತ್ರ ಇರಲಿಲ್ಲ. ಅತ್ತೆ ಗಂಗವ್ವನ ನಾಲಿಗೆಗೆ ಎಲುಬಿರಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿಲ್ಲ ಎಂದು ಓಣಿಯ ಹೆಂಗಸರು ಕೇಳಿದರೆ ನನ್ನ ಎದುರಿಗೇ ಹೇಳುತ್ತಿದ್ದಳು:

"ಮೊಮ್ಮಕ್ಕಳ ಎಲ್ಲಿಂದ ಬರಬೇಕ ಬೇ? ಹಾಸಿಗ್ಯಾಗೂ ಪಾಳಿ ಹಚ್ಚ್ಯಾರ ಇವರು."

ನಾನು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ, ಎರಡನೆಯ ಇಯತ್ತೆಗೆ ಸಾಲೆ ಬಿಟ್ಟು ಮಗ್ಗದ ಕೆಳಗೇ ಬೆಳೆದವಳು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಕುಣಿಮಗ್ಗ. ಅದು ಕೈಕಾಲಿನ ಮಾತು ಕೇಳುವ ಮಗ್ಗ. ಕತ್ತಲಾದರೆ ನಿಲ್ಲುತ್ತಿತ್ತು, ನೆಂಟರು ಬಂದರೆ ನಿಲ್ಲುತ್ತಿತ್ತು, ಸೊಂಟ ಹಿಡಿದರೆ ನಿಲ್ಲುತ್ತಿತ್ತು. ಬಂಗಾರದ ಕಾಲ ಅಂತ ಹೇಳುವುದಿಲ್ಲ. ಎಷ್ಟೋ ದಿನ ಸಾರಿಗೆ ಬೇಳೆ ಇರಲಿಲ್ಲ. ಆದರೆ ನಿದ್ದೆಗೆ ಬರ ಇತ್ತೆಂದು ನಮ್ಮಪ್ಪ ಅಂದದ್ದು ನಾನು ಕೇಳಿಲ್ಲ.

ಮದುವೆಯಾದ ಹೊಸದರಲ್ಲಿ ನನ್ನ ಗಂಡನೂ ಮನೆಯಲ್ಲಿ ಕುಣಿಮಗ್ಗವನ್ನೇ ನೇಯುತ್ತಿದ್ದರು. ಆಗ ಅವರು ಭಾಳ ಮಾತಿನ ಮನುಷ್ಯ. ರಾತ್ರಿ ದೀಪ ಆರಿಸಿದ ಮೇಲೆ ಓಣಿಯವರನ್ನೆಲ್ಲ ಒಬ್ಬೊಬ್ಬರಾಗಿ ಹಾಸಿಗೆಗೆ ಕರೆಯುತ್ತಿದ್ದರು. ನೂಲಿನ ಅಂಗಡಿಯವನು ಮೂಗಿನಲ್ಲಿ ಮಾತಾಡುವುದು, ಅವರ ಅವ್ವ ಹಾಲು ಮಾರುವವಳ ಜೊತೆ ಜಗಳಾಡುವುದು, ಬಸ್ಸಿನ ಕಂಡಕ್ಟರು 'ಮುಂದ ನಡೀರಿ, ಮುಂದ ನಡೀರಿ' ಎಂದು ಮುಧೋಳದ ತನಕ ಒದರುವುದು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಆಚೆಯಿಂದ ಅತ್ತೆ, "ನಾ ಸತ್ತಿಲ್ಲೋ, ಕಿವಿ ಕೇಳತಾವ" ಎಂದು ಕೂಗುತ್ತಿದ್ದಳು.

ಆಮೇಲೆ ಓಣಿ ತುಂಬ ಕರೆಂಟಿನ ಮಗ್ಗ ಬಂದವು. ಕೈಯಿಂದ ನೇಯ್ದ ಸೀರೆ ಕೇಳುವವರು ಕಡಿಮೆಯಾದರು. ನಾವು ಕುಣಿ ಮುಚ್ಚಿ ಗುರಪ್ಪಣ್ಣನ ಶೆಡ್ಡು ಸೇರಿದೆವು.

ಶೆಡ್ಡಿನೊಳಗೆ ಮಾತು ಕೇಳಿಸುವುದಿಲ್ಲ. ಇಪ್ಪತ್ತು ಮಗ್ಗ ಒಟ್ಟಿಗೆ ಖಡಲ್ ಖಡಲ್ ಅಂದರೆ ಕಿವಿಗೆ ಬಾಯಿಟ್ಟು ಕೂಗಿದರೂ ತಿಳಿಯದು. ಅಲ್ಲಿ ದುಡಿಯುವವರು ತುಟಿ ನೋಡಿ, ಕೈ ನೋಡಿ ಮಾತು ಹಿಡಿಯುತ್ತಾರೆ. ಪಾಳಿ ಬದಲಾಗುವಾಗ ಮಗ್ಗಗಳ ಹಾಲಹವಾಲ ಒಬ್ಬರು ಇನ್ನೊಬ್ಬರಿಗೆ ಹೇಳಬೇಕು. ಅವರು ಹೇಳುತ್ತಿದ್ದರು:

"ಮೂರನೇದ್ರಾಗ ಬಲಕ್ಕ ಎಳಿ ಕಡೀತಾವ."

"ಹೂಂ."

"ಒಂದನೇದ್ರ ಲಾಳಿ ಸವದೈತಿ. ಹುಸೇನಸಾಬಗ ಹೇಳು, ರಿಪೇರಿ ಮಾಡಲಿ."

"ಹೂಂ. ಬುಟ್ಟ್ಯಾಗ ರೊಟ್ಟಿ ಅದಾವ."

ಆತು. ದಿನಕ್ಕೆ ಎರಡು ಸಲ ಇಷ್ಟೇ ನಮ್ಮ ಸಂಸಾರ. ಹೆಂಡತಿ ಗಂಡನಿಂದ ಬಯಸುವುದು ಏನೇನೋ ಇರುತ್ತದೆ ಅಂತಾರೆ. ನನಗೆ ಬೇಕಾಗಿದ್ದದ್ದು ಆ ಕಂಡಕ್ಟರು, ಆ ನೂಲಿನ ಅಂಗಡಿಯವನು. ಅವರಿಬ್ಬರೂ ನನ್ನ ಗಂಡನ ಬಾಯಲ್ಲಿ ಬಂದು ಹೋಗಿ ಎಷ್ಟು ಕಾಲವಾಗಿತ್ತೋ.

ಹಗಲು ಮಲಗಿದರೆ ಆಯಿತಲ್ಲ, ಹನ್ನೆರಡು ತಾಸು ಬಿಡುವಿದೆಯಲ್ಲ ಎಂದು ಓದುವವರು ಕೇಳಬಹುದು. ಗುರಪ್ಪಣ್ಣನೂ ಹಾಗೇ ಕೇಳುತ್ತಿದ್ದರು. ನೇಕಾರರ ಓಣಿಯಲ್ಲಿ ಹಗಲು ನಿದ್ದೆಗೆ ಮಗ್ಗದ ಸದ್ದು ಅಡ್ಡಿಯಲ್ಲ, ಅದು ತೊಟ್ಟಿಲ ಹಾಡಿದ್ದಂತೆ. ಅಡ್ಡಿ ಮಾಡುವುದು ಸದ್ದು ನಿಲ್ಲುವುದು. ಆ ವರ್ಷಗಳಲ್ಲಿ ಹಗಲು ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಓಣಿಯ ಮಗ್ಗವೆಲ್ಲ ಒಮ್ಮೆಗೇ ಸುಮ್ಮನಾದ ಕೂಡಲೇ, ರಾತ್ರಿ ಪಾಳಿ ಮುಗಿಸಿ ಮಲಗಿದ ಗಂಡಸರು ಮನೆಮನೆಯಲ್ಲೂ ದಿಗ್ಗನೆ ಎದ್ದು ಕೂರುತ್ತಿದ್ದರು, ತಮ್ಮ ಮಗ್ಗ ನಿಂತಿತೆಂದು. ಎದ್ದು, ಇದು ಮನೆ, ಇದು ಹಗಲು ಎಂದು ತಿಳಿದು, ಮತ್ತೆ ಒರಗುವ ಹೊತ್ತಿಗೆ ಕರೆಂಟು ಬಂದಿರುತ್ತಿತ್ತು. ನಡುವೆ ಬಳೆಗಾರ, ಹಿಟ್ಟಿನ ಗಿರಣಿ, ನೊಣ, ಸೆಕೆ, ಅತ್ತೆಯನ್ನು ಮಾತಾಡಿಸಲು ಬಂದವರು. ಅವರ ನಿದ್ದೆ ಹರಿದ ಅರಿವೆಯಾಗಿತ್ತು. ತುಂಡು ಬೇಕಾದಷ್ಟು ಇದ್ದವು, ಹೊದೆಯಲು ಬರುತ್ತಿರಲಿಲ್ಲ.

ಇದಕ್ಕೆಲ್ಲ ನಮಗಿದ್ದ ಒಂದೇ ತಡೆ ಅಮಾವಾಸ್ಯೆ. ಅಮಾವಾಸ್ಯೆ ದಿನ ನೇಕಾರ ಲಾಳಿ ಹೊಡೆಯುವುದಿಲ್ಲ. ಮಗ್ಗವನ್ನು ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಕೈಮುಗಿದು ಬಿಡುವುದು ಹಿರಿಯರಿಂದ ಬಂದ ನಡೆ. ಬೆಳಿಗ್ಗೆ ಏಳಕ್ಕೆ ನಿಂತ ಮಗ್ಗ ಮರುದಿನ ಏಳಕ್ಕೇ ಚಾಲೂ. ತಿಂಗಳಿಗೆ ಆ ಒಂದು ಹಗಲು, ಒಂದು ರಾತ್ರಿ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಎಚ್ಚರ ಇರುತ್ತಿದ್ದೆವು. ಅವರು ಮಧ್ಯಾಹ್ನದವರೆಗೆ ಮಲಗಿ ಎದ್ದು, ಹುಗ್ಗಿ ತಿಂದು, ಕಟ್ಟೆಗೆ ಕೂತರೆ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಲೋಕ ಹುಣ್ಣಿಮೆಯ ದಾರಿ ನೋಡುತ್ತದೆ. ನಾನು ಚಂದ್ರ ಸವೆಯುವುದನ್ನು ನೋಡಿ ಖುಷಿಪಡುತ್ತಿದ್ದೆ.

ಆ ಬೇಸಗೆಯಲ್ಲಿ ಲಗ್ನ ಭಾಳ ಇದ್ದವು. ಸೀರೆಗೆ ಎಲ್ಲಿಲ್ಲದ ಬೇಡಿಕೆ. ಒಂದು ಸಂಜೆ ಪಾಳಿ ಬದಲಾಗುವಾಗ ಗುರಪ್ಪಣ್ಣ ಎಲ್ಲರನ್ನೂ ಹೊರಗೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ತಾವೂ ಕುಣಿಯಲ್ಲಿ ಕೂತು ನೇಯ್ದವರೇ. ಹೇಳಲು ನಾಚಿಕೆಯಾಗಿ ಕೆಮ್ಮಿ ಕೆಮ್ಮಿ ಹೇಳಿದರು.

"ಈ ಲಗನಸರಾಯಿ ಮುಗಿಯೂ ತನಕಾ ಅಮಾಶಿಗೂ ಮಗ್ಗಾ ನಡೀಲಿ. ಮುಂಜಾನೆ ಕಾಯಿ ಒಡದು, ಚಾಲೂ ಮಾಡೂನು. ದೇವರೇನ ಬ್ಯಾಡ ಅನ್ನೂದಿಲ್ಲ."

"ದೇವರ್ನ ಕೇಳೀರೇನ್ರಿ?" ಅಂದೆ ನಾನು.

ಎಲ್ಲರೂ ನಕ್ಕರು. ಗುರಪ್ಪಣ್ಣನೂ ನಕ್ಕರು. ನಕ್ಕು, "ಚಿಮ್ಮಡದಿಂದ ಎರಡ ಜೋಡಿ ಬಂದು ಕೆಲಸಾ ಕೇಳಾಕತ್ತಾವ ಕಾಶವ್ವಾ. ನಾ ಇನ್ನೂ ಹೂಂ ಅಂದೀನೇನು ಅವರಿಗೆ?" ಎಂದರು. ಅದಕ್ಕೆ ಯಾರೂ ನಗಲಿಲ್ಲ. ನನ್ನ ಗಂಡ ನೆಲ ನೋಡುತ್ತ, "ಆತ್ರಿ" ಅಂದರು. ಅವರ ಬಾಯಿಂದ ಇಲ್ಲ ಅನ್ನುವ ಮಾತು ಬರುತ್ತಿರಲಿಲ್ಲ.

ಆ ತಿಂಗಳ ಅಮಾವಾಸ್ಯೆ ಹಾಗೇ ಹೋಯಿತು. ಅತ್ತೆ ಹುಗ್ಗಿ ಮಾಡಿದ್ದಳು. ಅವರು ಕಣ್ಣು ಮುಚ್ಚಿಕೊಂಡೇ ಉಂಡು ಮಲಗಿದರಂತೆ. ನಾನು ನೋಡಲಿಲ್ಲ, ಶೆಡ್ಡಿನಲ್ಲಿದ್ದೆ.

ಅಲ್ಲಿಂದ ಮನುಷ್ಯ ಇಳಿಯತೊಡಗಿದರು. ರೊಟ್ಟಿ ಮುರಿದು ಪಲ್ಯ ಬಿಟ್ಟು ನೀರಿನ ತಂಬಿಗೆಯಲ್ಲಿ ಅದ್ದುವುದು, ಅಂಗಿ ತಿರುವುಮುರುವು ಹಾಕಿಕೊಂಡು ಹೊರಡುವುದು. ಒಮ್ಮೆಯೂ ಸಿಟ್ಟು ಮಾಡದವರು ಅವ್ವನ ಮೇಲೆ ತಾಟು ಎಸೆದರು, ಎಸೆದು ತಾವೇ ಅತ್ತರು. ಅತ್ತೆ ಹೆದರಿ, ಯಾರದೋ ಕಣ್ಣು ಬಿದ್ದಿದೆಯೆಂದು ಮೆಣಸಿನಕಾಯಿ ಸುಟ್ಟಳು. ಘಾಟಿಗೆ ಅವರ ಇದ್ದ ನಿದ್ದೆಯೂ ಹಾರಿತು.

ಒಂದು ಸಂಜೆ ನಾನು ಮನೆಗೆ ಬಂದು ಕೌದಿ ಎತ್ತಿದರೆ ಅದರ ಅಂಚಿನ ದಾರವೆಲ್ಲ ಗಂಟು. ಬಿಡಿಬಿಡಿಯಾಗಿದ್ದ ಹಳೆಯ ದಾರಗಳನ್ನು ಎರಡೆರಡಾಗಿ ಕೂಡಿಸಿ, ನಮ್ಮ ಮಗ್ಗದ ಗಂಟು ಹಾಕಿತ್ತು. ಸಣ್ಣ, ಬಿಗಿ, ಉಗುರಿಗೆ ಸಿಗದಂಥ ಗಂಟು. ನಿದ್ದೆಯಲ್ಲೂ ಅವರ ಕೈ ಪಾಳಿ ಮಾಡುತ್ತಿತ್ತು.

ಒಂದು ಹಗಲು ನನ್ನ ಮಗ್ಗಗಳನ್ನು ಪಕ್ಕದವರಿಗೆ ಒಪ್ಪಿಸಿ, ನಾನು ಅವರನ್ನು ಬಸ್ಸಿಗೆ ಹಾಕಿಕೊಂಡು ಜಮಖಂಡಿಗೆ ಹೋದೆ. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರರು ಬಿ.ಪಿ. ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ಎಷ್ಟು ತಾಸಿನ ಕೆಲಸ, ಯಾವಾಗ ಮಲಗುವುದು ಎಂದು ಕೇಳಿದರು. ಕೇಳುತ್ತ ಕೇಳುತ್ತ ತಾವೇ ಆಕಳಿಸಿದರು.

"ನಾನೂ ರಾತ್ರಿ ಡ್ಯೂಟಿ ಮುಗಿಸೇ ಕೂತೇನಿ ತಾಯಿ," ಎಂದು ನಕ್ಕರು. ಆಮೇಲೆ ಹೇಳಿದರು: "ರೋಗ ಏನೂ ಇಲ್ಲ. ದಣಿವು ಕೂಡಿಬಿದ್ದದ. ಮೈಗೆ ತನ್ನದ ಒಂದು ಗಡಿಯಾರ ಇರತದ, ಅದು ರಾತ್ರಿ ಮಲಗು ಅಂತದ. ಹಗಲು ಮಲಗಿದ್ರ ಅರ್ಧ ಮಲಗಿಧಂಗ. ಅದರಾಗ ಟೆನ್ಷನ್. ಟೆನ್ಷನ್ ಇದ್ದವರಿಗೆ ನಿದ್ದಿ ಬರೂದಿಲ್ಲ, ನಿದ್ದಿ ಇಲ್ಲದವರಿಗೆ ಟೆನ್ಷನ್ ಹೋಗೂದಿಲ್ಲ. ಮೈಯ ರಿಪೇರಿ ಎಲ್ಲಾ ಆಗೂದು ನಿದ್ದ್ಯಾಗ."

"ಗುಳಿಗಿ ಕೊಡ್ರಿ," ಅಂದೆ.

"ಶಕ್ತಿಗುಳಿಗಿ ಕೊಡ್ತೇನಿ. ಖರೆ ಇದಕ್ಕ ಗುಳಿಗಿ ಇಲ್ಲ. ಕೆಲವು ದಿನ ರಾತ್ರಿ ಮಲಗಲಿ."

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದರು. ಎದುರಿನ ಸೀಟಿನ ಮುದುಕ ಒಂದು ನಮೂನೆ ನೋಡಿದ. ನೋಡಲಿ ಎಂದು ನಾನು ಅಲುಗಾಡದೆ ಕೂತೆ. ಬನಹಟ್ಟಿ ಬಂದದ್ದು ಭಾಳ ಲಗೂ ಆಯಿತು ಅನಿಸಿತು.

ಮರುದಿನವೇ ಗುರಪ್ಪಣ್ಣನ ಹತ್ತಿರ ಹೋದೆ. ಕೆಲವು ದಿನ ರಾತ್ರಿ ಪಾಳಿ ನನಗೆ ಕೊಡಿ, ಹಗಲು ಅವರು ಮಾಡಲಿ ಎಂದೆ. ಅವರು ಎರಡೂ ಕಿವಿ ಮುಟ್ಟಿಕೊಂಡರು. "ಹೆಣ್ಣಮಕ್ಕಳನ್ನ ರಾತ್ರಿ ದುಡಸಬಾರದಂತ ಕಾಯದೆ ಐತಿ ಬೇ. ಇನ್ಸ್‌ಪೆಕ್ಟರ್ ಬಂದ್ರ ಶೆಡ್ಡಿಗೆ ಕೀಲಿ." ಅದು ಸುಳ್ಳಲ್ಲ, ಕಾಯದೆ ಇತ್ತು. ಗಂಡಸನ್ನು ರಾತ್ರಿ ಎಷ್ಟು ದಿನ ದುಡಿಸಬಹುದು ಎಂಬುದರ ಕಾಯದೆ ಯಾರೂ ಹೇಳಲಿಲ್ಲ. ವಾರಕ್ಕೊಂದು ರಾತ್ರಿ ಬಿಡಿ ಎಂದೆ. "ಲಗನಸರಾಯಿ ಮುಗೀಲಿ," ಎಂದರು.

ಆಗ ತಿಳಿದದ್ದು ಇದು. ಅವರಿಗೆ ಹಸಿವಾಗಿದ್ದರೆ ನನ್ನ ರೊಟ್ಟಿ ಕೊಡುತ್ತಿದ್ದೆ. ಚಳಿಯಾಗಿದ್ದರೆ ನನ್ನ ಕೌದಿ. ನಾನು ರಾತ್ರಿಯೆಲ್ಲ ಕಟ್ಟಿಗೆಯಂತೆ ಮಲಗಿ ಎದ್ದು ಹೋಗಿ ಆ ಕೆಂಪು ಕಣ್ಣಿನ ಮುಂದೆ ನಿಲ್ಲುತ್ತಿದ್ದೆ. ನನ್ನ ನಿದ್ದೆಯಲ್ಲಿ ಒಂದು ಗೇಣು ಹರಿದು ಕೊಡಲು ಬರುತ್ತಿರಲಿಲ್ಲ.

ಇನ್ನೊಂದು ಅಮಾವಾಸ್ಯೆ ಬಂತು. ಮುಂದಿನದು ತಿಳಿಯಬೇಕಾದರೆ ನಮ್ಮ ಕೆಲಸದ ಒಂದು ರೀತಿ ಹೇಳಬೇಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಸಾವಿರಾರು ಎಳೆಗಳಿರುತ್ತವೆ. ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಗಿಡ್ಡಾದ ತುದಿಗೆ ಬೇರೆ ಎಳೆ ಕೂಡಿಸಿ, ಮತ್ತೆ ಚಾಲೂ ಮಾಡಬೇಕು. ಕೂಡಿಸಲು ಬೇಕಾದ ಎಳೆಗಳ ಒಂದು ಜುಟ್ಟನ್ನು ನಮ್ಮವರು ಹೆಗಲ ಮೇಲೆ ಇಳಿಬಿಟ್ಟುಕೊಂಡಿರುತ್ತಾರೆ. ಕೈ ಹೆಗಲಿಗೆ ಹೋಗುತ್ತದೆ, ಎಳೆ ಜಗ್ಗುತ್ತದೆ, ಗಂಟು ಹಾಕುತ್ತದೆ. ಅದಕ್ಕೆ ಕಣ್ಣೂ ಬೇಡ, ಬುದ್ಧಿಯೂ ಬೇಡ. ಇನ್ನೊಂದು, ರಾತ್ರಿ ಪಾಳಿಯವರು ತೂಕಡಿಕೆ ಬಾರದಿರಲೆಂದು ಟವೆಲು ನೀರಲ್ಲಿ ಅದ್ದಿ ಕೊರಳಿಗೆ ಸುತ್ತಿಕೊಳ್ಳುತ್ತಾರೆ. ಕೈಮಗ್ಗದ ಟವೆಲಿನ ಎರಡೂ ತುದಿಗೆ ದಶಿ ಇರುತ್ತದೆ, ನೇಯದೆ ಬಿಟ್ಟ ಎಳೆಗಳು.

ಅಮಾವಾಸ್ಯೆಯ ಬೆಳಿಗ್ಗೆ ಏಳಕ್ಕೆ ನಾನು ಶೆಡ್ಡಿನೊಳಗೆ ಕಾಲಿಟ್ಟಾಗ ಬಾಗಿಲಲ್ಲಿ ಗುರಪ್ಪಣ್ಣ ತೆಂಗಿನಕಾಯಿ ಹಿಡಿದು ನಿಂತಿದ್ದರು. ಮಗ್ಗಗಳು ನಡೆದೇ ಇದ್ದವು. ನನ್ನ ಗಂಡ ಯಾವಾಗಲೂ ಬಾಗಿಲ ಕಡೆ ಮುಖ ಮಾಡಿ ನನ್ನ ದಾರಿ ನೋಡುವವರು. ಅವತ್ತು ಮೂರನೆಯ ಮಗ್ಗದ ಮೇಲೆ ಬಗ್ಗಿಕೊಂಡಿದ್ದರು. ಎಳೆ ಕೂಡಿಸುತ್ತಿದ್ದಾರೆ ಅಂದುಕೊಂಡೆ. ಆದರೆ ಮಗ್ಗ ನಡೆದಿತ್ತು. ನಡೆದ ಮಗ್ಗದಲ್ಲಿ ಯಾರೂ ಎಳೆ ಕೂಡಿಸುವುದಿಲ್ಲ.

ಹತ್ತಿರ ಹೋದೆ. ಕಣ್ಣು ಮುಚ್ಚಿದ್ದವು. ಎರಡೂ ಕೈ ಮಗ್ಗದ ಮುಂದಿನ ತೊಲೆಗೆ ಊರಿ ಕುದುರೆಯಂತೆ ನಿಂತಲ್ಲೇ ನಿದ್ದೆ. ಕೊರಳ ಟವೆಲಿನ ದಶಿಯನ್ನು ಕಡಿದ ಎಳೆಗಳಿಗೆ ಕೂಡಿಸಿ ಗಂಟು ಹಾಕಿದ್ದರು. ಒಂದಲ್ಲ, ಒಂದು ಹಿಡಿ. ಜುಟ್ಟಿನ ಎಳೆ ಜಗ್ಗಿದರೆ ಬಿಚ್ಚಿ ಬರುತ್ತದೆ, ದಶಿ ಬರುವುದಿಲ್ಲ. ಅದು ತಮ್ಮ ಕಡೆ ಬರದಿದ್ದಕ್ಕೆ ಇವರೇ ಅದರ ಕಡೆ ಬಗ್ಗಿದ್ದರು. ಗಂಟು ಹಾಕಿ, ರೂಢಿಯಂತೆ ಹ್ಯಾಂಡಲ್ ಎಳೆದು ಮಗ್ಗ ಚಾಲೂ ಮಾಡಿ, ಹಾಗೇ ನಿದ್ದೆ ಹೋಗಿದ್ದರು. ಮಗ್ಗ ನೇಯ್ದ ಸೀರೆಯನ್ನು ಬೆರಳು ಬೆರಳು ತನ್ನ ಕಡೆ ಸುತ್ತಿಕೊಳ್ಳುತ್ತದೆ. ಸೀರೆಯ ಸಂಗಡ ದಶಿ, ದಶಿಯ ಸಂಗಡ ಟವೆಲು, ಟವೆಲಿನ ಸಂಗಡ ಕೊರಳು. ಒದ್ದೆ ನೂಲು ಒಣ ನೂಲಿಗಿಂತ ಗಟ್ಟಿ, ಹರಿಯಲಿಲ್ಲ. ಹಿಂದೆ ಮುಂದೆ ಬಡಿಯುವ, ಬಾಚಣಿಗೆಯಂಥ ಫಣಿಯ ಕಟ್ಟಿಗೆಗೂ ಅವರ ಹಣೆಗೂ ನಡುವೆ ನನ್ನ ಅಂಗೈಯಷ್ಟು ಜಾಗ ಉಳಿದಿತ್ತು. ಕಣ್ಣ ಮುಂದೆಯೇ ಲಾಳಿ ಆ ಕಡೆಯಿಂದ ಈ ಕಡೆ ಹಾರುತ್ತಿತ್ತು. ಲಾಳಿಯ ಎರಡೂ ತುದಿಗೆ ಉಕ್ಕಿನ ಮೊನೆ. ಅದು ಹಳಿ ತಪ್ಪಿ ಹಾರಿದರೆ ಏನಾಗುತ್ತದೆಂದು ನಮ್ಮ ಓಣಿಯ ಒಕ್ಕಣ್ಣಿನವರನ್ನು ನೋಡಿದರೆ ತಿಳಿಯುತ್ತದೆ.

ನಾನು ಅವರ ಮೈ ಮುಟ್ಟಲಿಲ್ಲ. ಮುಟ್ಟಿದ್ದರೆ ಬೆಚ್ಚಿ ಮುಂದಕ್ಕೆ ಬೀಳುತ್ತಿದ್ದರು. ಕೈ ಹಾಕಿ ಹ್ಯಾಂಡಲ್ ಬಡಿದೆ. ಮಗ್ಗ ನಿಂತಿತು. ಸೊಂಟದ ಕತ್ತರಿ ತೆಗೆದು ದಶಿ ಒಂದೊಂದಾಗಿ ಕತ್ತರಿಸಿದೆ. ಕೊನೆಯದು ಕಡಿದ ಮೇಲೆ ಅವರ ತಲೆ ನನ್ನ ತೋಳಿನ ಮೇಲೆ ಬಿತ್ತು. ಕಣ್ಣು ತೆರೆದು ನನ್ನನ್ನು ನೋಡಿ ತುಟಿ ಆಡಿಸಿದರು: "ಮೂರನೇದ್ರಾಗ ಬಲಕ್ಕ ಎಳಿ ಕಡೀತಾವ."

ಅಷ್ಟರಲ್ಲಿ ನಾಲ್ಕಾರು ಮಂದಿ ಕೂಡಿದರು. ಒಬ್ಬ ಎಲ್ಲರಿಗೂ ತಿಳಿಯುವಂತೆ ತುಟಿ ಅಗಲಿಸಿ ಅಂದ, "ಸಿದ್ರಾಮಪ್ಪ ತನ್ನ ತಾನ ನೇಯ್ಕೊಂಡಾನಲೇ!" ನಗು ಎದ್ದಿತು. ನಮ್ಮ ಜಾಬರ್ ಹುಸೇನಸಾಬ, ಅಂದರೆ ಮಗ್ಗ ರಿಪೇರಿ ಮಾಡುವವನು, ನಗಲಿಲ್ಲ. ಟವೆಲಿನ ತುದಿ ಹಿಡಿದು, ನಿಂತ ಫಣಿಯವರೆಗೆ ಚಾಚಿ ತೋರಿಸಿದ. ನಗುತ್ತಿದ್ದವರು ತಮ್ಮ ತಮ್ಮ ಕೊರಳು ಮುಟ್ಟಿಕೊಂಡರು. ಅವರ ಕೊರಳಲ್ಲೂ ಒದ್ದೆ ಟವೆಲಿದ್ದವು.

ನಾನು ಬಾಗಿಲಿಗೆ ಬಂದೆ. ಗುರಪ್ಪಣ್ಣನ ಮುಖ ಬಿಳಚಿತ್ತು. ಕೈಯಲ್ಲಿ ಕಾಯಿ ಹಾಗೇ ಇತ್ತು.

"ಕಾಯಿ ಒಡೀರಿ ಅಣ್ಣಾರ," ಅಂದೆ. "ಒಡದು ಮನಿಗೆ ಹೋಗ್ರಿ. ಇವತ್ತ ಅಮಾಶಿ."

"ಕಾಶವ್ವಾ, ನಾಳೆ ಸೀರಿ ಒಯ್ಯಾಕ ಬರತಾರ. ಲಗ್ನ ಅದಾವ ಬೇ..."

"ಲಗ್ನ ಅವರದ್ರಿ. ಗಂಡ ನನ್ನಾವ."

ಅವರು ಸಿಟ್ಟಿಗೇಳುವುದರಲ್ಲಿದ್ದರು. ಎಲ್ಲರ ಮುಂದೆ ಒಬ್ಬ ಹೆಂಗಸಿನ ಮಾತಿಗೆ ಹೂಂ ಅನ್ನುವುದು ಯಾವ ಮಾಲಕನಿಗೂ ಆಗದ ಮಾತು. ಹುಸೇನಸಾಬ ಎಣ್ಣೆಯ ಡಬ್ಬಿ ಹಿಡಿದುಕೊಂಡು ನಡುವೆ ಬಂದ.

"ಮಾಲಕರ, ನಾನ ಹೇಳಬೇಕಂತಿದ್ದೆ. ಮಗ್ಗಕ್ಕ ಎಣ್ಣಿ ಬಿಟ್ಟು ಭಾಳ ದಿನಾ ಆತ್ರಿ. ಎರಡ ತಿಂಗಳಾತು ಒಂದ ದಿನಾ ನಿಂತಿಲ್ಲ. ಇವತ್ತ ನಿಂದರಸದಿದ್ರ ನಾಳೆ ಗಾಲಿ ಮುರದ್ರ ನನ್ನ ಕೇಳಬ್ಯಾಡ್ರಿ."

ಗುರಪ್ಪಣ್ಣ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. "ಹಂಗಾರ ಎಣ್ಣಿ ಬಿಡ್ರಿ," ಅಂದರು. "ಎಣ್ಣಿ ಸಂಬಂಧ ನಿಂದರಸೂದು ಮತ್ತ." ಹುಸೇನಸಾಬ ಹೋಗಿ ಮೇನ್ ಸ್ವಿಚ್ ಇಳಿಸಿದ. ಮಾಲಕರು ಹೊಸ್ತಿಲಿಗೆ ಕಾಯಿ ಒಡೆದರು. ನಾನು ಗಂಡನ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಬಂದೆ. ಹಾಡೇ ಹಗಲು, ನಡು ಓಣಿಯಲ್ಲಿ.

ಎರಡು ತಿಂಗಳಿಂದ ನಾನು ಕಾದಿದ್ದ ದಿನ ಅದು. ಅವರು ಮಲಗಿದರು. ಮಧ್ಯಾಹ್ನವಾಯಿತು, ಏಳಲಿಲ್ಲ. ಅತ್ತೆ ಹುಗ್ಗಿ ಮಾಡಿ, ಬಾಗಿಲ ಸಂದಿಯಲ್ಲಿ ಇಣುಕಿ, ಉಸಿರು ನೋಡಿ ನೋಡಿ ಹೋದಳು. ಬಳೆಗಾರನನ್ನು ಓಣಿಯ ತುದಿಯಿಂದಲೇ ಬೈದು ಓಡಿಸಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಮಲಗಿದ ಗಂಡನ ಮುಖ ಹಗಲು ಬೆಳಕಿನಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕಿವಿಯ ಹತ್ತಿರ ಎರಡು ಬಿಳಿ ಕೂದಲು ಬಂದಿದ್ದವು. ಬಂದದ್ದು ಯಾವಾಗ ಎಂದು ನನಗೆ ಗೊತ್ತಿರಲಿಲ್ಲ. ಒಂದು ಸಲ ಎಬ್ಬಿಸಬೇಕು ಅನಿಸಿತು. ನನ್ನ ದಿನವೂ ಅಲ್ಲವೇ ಇದು? ಎಬ್ಬಿಸಿ, ಎರಡು ಮಾತಾಡು ಅನ್ನಬೇಕು ಅನಿಸಿತು. ಮುಂದೆ ಹೋದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಎದ್ದರು. ನೀರು ಕುಡಿದರು. ಹುಗ್ಗಿಯ ತಾಟು ಮುಂದಿಟ್ಟೆ. ಒಂದು ತುತ್ತು ತಿಂದು, ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರ ಬೇ ನೀನು? ಎಲ್ಲೋ ನೋಡಿಧಂಗ ಐತಲ್ಲ."

"ಶೆಡ್ಡಿನ ಬಾಗಲದಾಗ ನೋಡಿರಬೇಕು," ಅಂದೆ.

"ಹೌದ ನೋಡು. ಭಾಳ ಸಿಡಕಿ ಹೆಣ್ಣಮಗಳು ಅದು. ಬರೇ ಹೂಂ ಹೂಂ ಅಂತೈತಿ."

ಆಚೆಯಿಂದ ಅತ್ತೆ ನಕ್ಕಳೋ ಅತ್ತಳೋ, ಮೂಗು ಸೀಟಿದ ಸದ್ದು ಕೇಳಿತು. ನಾನು ಇನ್ನಷ್ಟು ಬಡಿಸಲು ಎದ್ದೆ. ಸೌಟು ತೊಗೊಂಡು ಬರುವುದರೊಳಗೆ ಕೂತಲ್ಲೇ ಒರಗಿ ಮತ್ತೆ ನಿದ್ದೆ. ಬಾಯಲ್ಲಿ ತುತ್ತು ಹಾಗೇ ಇತ್ತು. ಬೆರಳು ಹಾಕಿ ತೆಗೆದೆ. ಅಷ್ಟೇ ನನಗೆ ಸಿಕ್ಕ ಅಮಾವಾಸ್ಯೆ.

ರಾತ್ರಿ ಅವರ ಪಕ್ಕದಲ್ಲಿ ಮಲಗಿ ಯೋಚನೆ ಮಾಡಿದೆ. ತಿಂಗಳಿಗೊಂದು ದಿನ ಮಲಗಿಸಿ ಉಳಿದ ದಿನ ನಿಲ್ಲಿಸಿದರೆ ಮನುಷ್ಯ ಉಳಿಯುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮೈ ದುಡಿದದ್ದನ್ನು ಅವತ್ತವತ್ತೇ ಮಲಗಿ ತೀರಿಸಬೇಕು, ಮುಂದೆ ನೋಡೋಣ ಅನ್ನಲು ಬರುವುದಿಲ್ಲ. ಮತ್ತು ಮಲಗಿದವರ ಪಕ್ಕದಲ್ಲಿ ಯಾರಾದರೂ ಇರಬೇಕು. ಈಗ ನನಗೆ ಹಗಲೂ ಖಾಲಿ, ರಾತ್ರಿಯೂ ಖಾಲಿ. ಹಾಸಿಗೆ ಪೂರ್ತಿ ನನ್ನದೇ. ನಿದ್ದೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಆ ಅಮಾವಾಸ್ಯೆಯ ಮೇಲ್ಪಟ್ಟು ನಮ್ಮ ಮನೆಯಲ್ಲಿ ರಾತ್ರಿ ಪಾಳಿ ಇರಲಿಲ್ಲ. ಆ ಪಾಳಿಗೆ ಚಿಮ್ಮಡದವನೊಬ್ಬ ಬಂದ. ಅವನ ಹೆಂಡತಿಯ ಹಾಸಿಗೆ ಅರ್ಧ ಖಾಲಿಯಾಯಿತು. ಅದನ್ನು ನಾನು ಸರಿಮಾಡಲಿಲ್ಲ, ನನ್ನ ಕೈಯಲ್ಲಿ ಆಗುವುದೂ ಇರಲಿಲ್ಲ. ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಅತ್ತೆಯ ಬಾಯಿ ಮುಚ್ಚಿತು ಅಂದುಕೊಂಡರೆ, ಬೇರೆ ಮಾತು ಹಿಡಿಯಿತು.

ಆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅವರು ಇನ್ನೂ ಮಲಗಿದ್ದರು. ನಾನು ಅವರನ್ನು ಕೇಳಲಿಲ್ಲ. ಕೇಳಿದ್ದರೆ ಬ್ಯಾಡ ಬೇ, ಮಂದಿ ಏನಂದಾರು ಅನ್ನುತ್ತಿದ್ದರು. ಏಳಕ್ಕೆ ಶೆಡ್ಡಿಗೆ ಹೋಗಿ ಗುರಪ್ಪಣ್ಣನ ಮುಂದೆ ನಿಂತು ಹೇಳಿದೆ:

"ಇವತ್ತಿನಿಂದ ನನಗ ಎರಡ ಮಗ್ಗ, ಅವರಿಗೆ ಎರಡ ಮಗ್ಗ. ಇಬ್ಬರೂ ಹಗಲ ಪಾಳಿ. ರಾತ್ರಿಗೆ ಬ್ಯಾರೆದವರನ್ನ ನೋಡ್ರಿ."

"ಎರಡೆರಡ ಮಗ್ಗದಾಗ ಏನ ತಿಂತೀರಿ ಬೇ?"

"ಅರ್ಧ ರೊಟ್ಟಿ ತಿಂತೀವ್ರಿ. ಕೂಡಿ ಕುಂತು ತಿಂತೀವಿ."

ಅವರು ಹಂಗೇ ಮಾಡ್ರಿ ಅನ್ನುವಂತೆ ಕೈ ಬೀಸಿ ಹೋದರು. ಹುಸೇನಸಾಬ ಮೇನ್ ಸ್ವಿಚ್ ಏರಿಸಿದ. ನಾನು ಒಂದು, ಎರಡನೆಯ ಮಗ್ಗಗಳ ಹ್ಯಾಂಡಲ್ ಎಳೆದೆ. ಮೂರು, ನಾಲ್ಕನೆಯವನ್ನು ಮುಟ್ಟಲಿಲ್ಲ. ಧೂಳು ಕೂರದಂತೆ ಅವುಗಳ ಮೇಲೆ ಒಂದು ಅರಿವೆ ಹೊದಿಸಿದೆ. ಅವರು ಎದ್ದಾಗ ಬರಲಿ.